ಮೊದಲು ಚರ್ಚಿನ ಅಂಗಳ ಗುಡಿಸುವವರ ಸಂಬಳ ಕೇಳಲಿ

ನಿಮ್ಮ ಚರ್ಚಿನ ಸಭೆಯ 13ರಿಂದ 17 ವಯಸ್ಸಿನ ಮಕ್ಕಳಿಗೆ ಸಾಮಾಜಿಕ ನ್ಯಾಯದಲ್ಲಿ ಆಸಕ್ತಿಯೇ ಇಲ್ಲ, ಬೀದಿನಾಟಕ ಮಾಡಿಸಲೋ ಸ್ಲಮ್ಮಿಗೆ ಕರೆದೊಯ್ಯಲೋ ಎಂದು ಕೇಳಿದ್ದೀರಿ. ಚರ್ಚಿನ ಯೂತ್ ಗುಂಪಿನ ಜವಾಬ್ದಾರಿ ಹೊತ್ತ ಹೊಸದರಲ್ಲಿ ನನ್ನ ಮುಂದಿದ್ದದ್ದೂ ಇವೇ ಎರಡು ದಾರಿ. ಎರಡೂ ಬೇಡ. ಆಸಕ್ತಿ ಇಲ್ಲ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಟೀಚರ್ ಒಬ್ಬನಿಗೆ ಹೆಚ್ಚು ಮಾರ್ಕ್ಸ್ ಹಾಕಿದರೆ ರಾತ್ರಿಯೆಲ್ಲ ವಾಟ್ಸ್ಆ್ಯಪಿನಲ್ಲಿ ಜಗಳವಾಡುವ ವಯಸ್ಸು ಅದು. ಅನ್ಯಾಯ ಅವರಿಗೆ ಚೆನ್ನಾಗಿ ಕಾಣುತ್ತದೆ. ಅವರು ಕೇಳುವ ಪ್ರಶ್ನೆಗೆ ದೊಡ್ಡವರು ಜಾಗ ಕೊಡುವುದಿಲ್ಲ, ಅಷ್ಟೇ.

ಬಹುತೇಕ ಯೂತ್ ಗುಂಪುಗಳು ಎಡವುವುದು ಮೊದಲ ಹೆಜ್ಜೆಯಲ್ಲೇ: ಅನ್ಯಾಯ ತೋರಿಸಲು ಮಕ್ಕಳನ್ನು ದೂರ ಕರೆದುಕೊಂಡು ಹೋಗುತ್ತಾರೆ. ಡಿಸೆಂಬರಿನಲ್ಲಿ ಟೆಂಪೋ ಮಾಡಿ, ಊರಾಚೆ ಕಾಲೊನಿಗೆ ಹೋಗಿ, ಕೇಕು, ಕಂಬಳಿ ಹಂಚಿ, ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡು ಬರುತ್ತಾರೆ. ಇದರಿಂದ ಆಗುವ ನಷ್ಟವನ್ನು ಬಿಡಿಸಿ ಹೇಳಲೇಬೇಕು. ಒಂದು, ಅಲ್ಲಿ ಮಕ್ಕಳು ಕೊಡುವವರು, ಎದುರಿಗಿರುವವರು ಈಸಿಕೊಳ್ಳುವವರು. ಅನ್ಯಾಯ ಮಾಡಿದವರು ಯಾರೆಂದು ಕೇಳುವ ಸಂದರ್ಭವೇ ಬರುವುದಿಲ್ಲ. ಎರಡು, ಮತ್ತೆ ಅಲ್ಲಿಗೆ ಹೋಗುವುದು ಮುಂದಿನ ಡಿಸೆಂಬರಿಗೆ, ಹಾಗಾಗಿ ಏನೂ ಬದಲಾಗಿಲ್ಲವೆಂದು ಯಾರಿಗೂ ಗೊತ್ತಾಗುವುದಿಲ್ಲ. ಮೂರು, ನಮ್ಮ ರಾಜ್ಯದ ಈಗಿನ ವಾತಾವರಣದಲ್ಲಿ ಚರ್ಚಿನ ಬ್ಯಾನರ್ ಹಿಡಿದು ಬಡವರ ಕೇರಿಗೆ ಹೋದರೆ ಮತಾಂತರದ ಆರೋಪ ಬರಬಹುದು, ಅದರ ಬಿಸಿ ತಾಕುವುದು ಮಕ್ಕಳಿಗೆ. ಎಲ್ಲಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅನ್ಯಾಯ ಎಲ್ಲೋ ಹೊರಗೆ ಇರುತ್ತದೆ, ನಮ್ಮ ಕೈ ಶುದ್ಧ ಎಂದು 15 ವರ್ಷದ ಮಗು ನಂಬಿಬಿಡುತ್ತದೆ. ಅದನ್ನು ಮತ್ತೆ ಬಿಡಿಸುವುದು ಬಹಳ ಕಷ್ಟ.

ಆದ್ದರಿಂದ ಚರ್ಚೇ ಸಂಬಳ ಕೊಡುವವರಿಂದ ಶುರು ಮಾಡಿ. ಗಂಟೆ ಹೊಡೆಯುವವರು, ಅಂಗಳ ಗುಡಿಸಿ ಶೌಚಾಲಯ ತೊಳೆಯುವವರು, ವಾಚ್‌ಮನ್, ಸ್ಮಶಾನದಲ್ಲಿ ಗುಂಡಿ ತೋಡುವವರು. ಇಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಪಕ್ಕದ ಬೆಂಚಿನಲ್ಲೇ ಕುಳಿತಿರುತ್ತಾರೆ.

ಕ್ರಮಕ್ಕೆ ‘ನೋಡು, ತೂಗು, ಮಾಡು’ ಸಾಕು. ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಕಾರ್ಖಾನೆಯಲ್ಲಿ ದುಡಿಯುವ ಹುಡುಗ ಹುಡುಗಿಯರಿಗಾಗಿ ಬೆಳೆಸಿದ ಪದ್ಧತಿ ಇದು. 1961ರಲ್ಲಿ ಪೋಪ್ 23ನೇ ಜಾನ್ ಇಡೀ ಕಥೊಲಿಕ ಸಭೆಗೆ ಬರೆದ ತಮ್ಮ ವಿಶ್ವಪತ್ರದಲ್ಲಿ ಇದನ್ನೇ ಎತ್ತಿ ಹಿಡಿದರು. ಕಥೊಲಿಕ ಧರ್ಮಕೇಂದ್ರಗಳ ವೈಸಿಎಸ್ (ಕ್ರೈಸ್ತ ವಿದ್ಯಾರ್ಥಿ ಸಂಘಟನೆ) ಮಕ್ಕಳಿಗೆ ಇದು ಗೊತ್ತಿರುತ್ತದೆ. ಸಿಎಸ್ಐ (ದಕ್ಷಿಣ ಭಾರತ ಸಭೆ), ಮೆಥೊಡಿಸ್ಟ್‌ನಂಥ ಪ್ರಾಟೆಸ್ಟಂಟ್ ಸಭೆಗಳಲ್ಲೂ ಧಾರಾಳವಾಗಿ ಬಳಸಬಹುದು. 8ರಿಂದ 12 ಮಕ್ಕಳು, ಆರು ಭಾನುವಾರ, ಆರಾಧನೆ ಮುಗಿದ ಮೇಲೆ ಒಂದೂಕಾಲು ಗಂಟೆ. ಜೂನ್ ಕೊನೆಯಿಂದ ಅಕ್ಟೋಬರ್ ಒಳಗೆ ಮುಗಿಸಿ. ನವೆಂಬರ್ ಬಂತೆಂದರೆ ಕ್ಯಾರೋಲ್ ಅಭ್ಯಾಸ, ಜನವರಿಯಿಂದ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಕೈಗೆ ಸಿಗುವುದಿಲ್ಲ.

ಮೊದಲ ಎರಡು ವಾರ ನೋಡುವುದು. ಮಕ್ಕಳು ಇಬ್ಬಿಬ್ಬರಾಗಿ ಆ ಕೆಲಸಗಾರರ ಬಳಿ ಹೋಗಲಿ, ಕಣ್ಣಳತೆಯಲ್ಲಿ ಒಬ್ಬ ಹಿರಿಯರಿರಲಿ. ಕೆಲಸದ ನಡುವೆ ತಡೆಯಬಾರದು, ಅವರಿಗೆ ಯಾವಾಗ ಬಿಡುವು ಎಂದು ಹಿಂದಿನ ದಿನವೇ ಕೇಳಿಕೊಳ್ಳಬೇಕು. ‘ಕಷ್ಟ ಅನ್ನಿಸುತ್ತಾ ಅಕ್ಕ?’ ಎಂಬಂಥ ಪ್ರಶ್ನೆ ಬೇಡವೇ ಬೇಡ. ಅದಕ್ಕೆ ಯಾರೂ ನಿಜ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಎಷ್ಟು ಗಂಟೆಗೆ ಬರುತ್ತೀರಿ, ಎಷ್ಟಕ್ಕೆ ಹೋಗುತ್ತೀರಿ? ವಾರದ ರಜೆ ಯಾವತ್ತು? ಭಾನುವಾರ ದುಡಿದರೆ ಬದಲಿ ರಜೆ ಉಂಟಾ? ಸಂಬಳ ಕೈಗೋ, ಬ್ಯಾಂಕಿಗೋ, ಯಾವ ತಾರೀಕಿಗೆ? ಗ್ಲೌಸು, ಬೂಟು, ಪೊರಕೆ ಯಾರ ಖರ್ಚು? ನೀರು ಎಲ್ಲಿ ಕುಡಿಯುತ್ತೀರಿ, ಯಾವ ಲೋಟದಲ್ಲಿ? ಈ ಕೊನೆಯ ಪ್ರಶ್ನೆಯಲ್ಲಿ ಎಷ್ಟೋ ಸಲ ಜಾತಿಯ ಲೆಕ್ಕ ಹೊರಬೀಳುತ್ತದೆ. ಫೋಟೊ ಬೇಡ, ರೆಕಾರ್ಡಿಂಗ್ ಬೇಡ, ನೋಟ್‌ಬುಕ್ಕಿನಲ್ಲಿ ಹೆಸರೂ ಬೇಡ. ‘ಇದನ್ನು ಚರ್ಚ್ ಕಮಿಟಿಗೆ ಹೇಳಬಹುದಾ?’ ಎಂದು ಕೇಳಿ, ಬೇಡ ಎಂದರೆ ಅಲ್ಲಿಗೇ ನಿಲ್ಲಿಸಬೇಕು. ಗುತ್ತಿಗೆಯ ಕೆಲಸಗಾರರಾದರೆ ದುಪ್ಪಟ್ಟು ಎಚ್ಚರ. ಮಕ್ಕಳ ಉತ್ಸಾಹಕ್ಕೆ ಒಬ್ಬರ ಕೆಲಸ ಹೋದರೆ ಆಮೇಲೆ ಯಾವ ಪ್ರಾರ್ಥನೆಯೂ ಅದನ್ನು ತುಂಬಿಕೊಡುವುದಿಲ್ಲ.

ಮೂರು, ನಾಲ್ಕನೇ ವಾರ ತೂಗುವುದು. ಮೇಜಿನ ಮೇಲೆ ಎರಡು ಕಾಗದ ಇಡಿ. ಒಂದರಲ್ಲಿ ಬೈಬಲ್ ವಚನಗಳು: ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡು ಎನ್ನುವ ಧರ್ಮೋಪದೇಶಕಾಂಡ 24:14–15, ನೆರೆಯವನನ್ನು ಬಿಟ್ಟಿ ದುಡಿಸಿಕೊಂಡು ಮನೆ ಕಟ್ಟುವವನಿಗೆ ಅಯ್ಯೋ ಎನ್ನುವ ಯೆರೆಮೀಯ 22:13, ತಡೆಹಿಡಿದ ಕೂಲಿಯೇ ಕೂಗುತ್ತದೆ ಎನ್ನುವ ಯಾಕೋಬ 5:4. ಪ್ರವಾದಿ ಆಮೋಸನ ‘ನ್ಯಾಯ ಹೊಳೆಯಂತೆ ಹರಿಯಲಿ’ ಎಲ್ಲರಿಗೂ ಬಾಯಿಪಾಠ, ಪೋಸ್ಟರಿಗೂ ಚೆಂದ. ಆದರೆ ರೂಪಾಯಿಯ ಮಾತಾಡುವ ವಚನಗಳೇ ಈ ಕೆಲಸಕ್ಕೆ ಬೇಕು. ಇನ್ನೊಂದು ಕಾಗದ ಕಾರ್ಮಿಕ ಇಲಾಖೆಯ ಕನಿಷ್ಠ ವೇತನದ ಪಟ್ಟಿ. ಅದರ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ಗೆ ಬದಲಾಗುತ್ತದೆ, ಹಳೆಯ ಪಟ್ಟಿ ಹಿಡಿದು ಹೋದರೆ ಕಮಿಟಿಯಲ್ಲಿ ಮೊದಲ ನಿಮಿಷಕ್ಕೇ ಮಾತು ಬಿದ್ದುಹೋಗುತ್ತದೆ. ಚರ್ಚಿನ ಕೆಲಸ ಪಟ್ಟಿಯ ಯಾವ ವರ್ಗಕ್ಕೆ ಸೇರುತ್ತದೆ ಎಂಬ ವಾದಕ್ಕೆ ಇಳಿಯಬೇಡಿ, ಪಟ್ಟಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಪಿಎಫ್ ಕಡ್ಡಾಯವಾಗುವುದು ಸಾಮಾನ್ಯವಾಗಿ 20 ನೌಕರರಿದ್ದಲ್ಲಿ, ಇಎಸ್ಐ 10 ಮಂದಿ ಇದ್ದಲ್ಲಿ. ಮೂವರೇ ದುಡಿಯುವ ಚರ್ಚಿನಲ್ಲಿ ಇವೆರಡೂ ಇರಲಿಕ್ಕಿಲ್ಲ ಎಂಬುದು ಮಕ್ಕಳಿಗೇ ಹೊಳೆಯಲಿ. ಕಾನೂನು ಕೇಳದ ಕಡೆ ಸುವಾರ್ತೆ ಏನು ಕೇಳುತ್ತದೆ ಎಂಬ ಚರ್ಚೆ ಆಗ ತಾನಾಗಿ ಹುಟ್ಟುತ್ತದೆ. ನಿಜವಾದ ಬೈಬಲ್ ಸ್ಟಡಿ ಅದು.

ಮಂಗಳೂರು ಕಡೆಯವರಾದರೆ ನಿಮ್ಮ ಸಭೆಯ ಚರಿತ್ರೆಯನ್ನೇ ತೆರೆಯಿರಿ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ನೇಯ್ಗೆಗೆ, 1865ರಲ್ಲಿ ಹೆಂಚಿನ ಕಾರ್ಖಾನೆಗೆ ಕೈಹಾಕಲು ಒಂದು ಮುಖ್ಯ ಕಾರಣ, ಕ್ರೈಸ್ತರಾದವರಿಗೆ ಜಾತಿಯ ಜೊತೆ ಜೀವನೋಪಾಯವೂ ತಪ್ಪಿಹೋಗಿದ್ದು. ಕೂಲಿಯ ಲೆಕ್ಕ ಸಭೆಗೆ ಹೊಸದಲ್ಲ.

ಕೊನೆಯ ಎರಡು ವಾರ ಮಾಡುವುದು. ಒಂದೇ ಪುಟದ ಮನವಿ, ಮಕ್ಕಳ ಭಾಷೆಯಲ್ಲೇ, ಲೆಕ್ಕದ ಸಮೇತ. ಸಂಬಳ ತಿಂಗಳಿಗೆ 4,000 ರೂಪಾಯಿ ಕಡಿಮೆ ಇದೆ, ಸಭೆಯಲ್ಲಿ 200 ಕುಟುಂಬಗಳಿವೆ ಎಂದಿಟ್ಟುಕೊಳ್ಳಿ, ಮನೆಗೆ ತಿಂಗಳಿಗೆ 20 ರೂಪಾಯಿ. ಈ ಭಾಗಾಕಾರ ಹಾಕಿ ತೋರಿಸಿದರೆ ‘ದುಡ್ಡೆಲ್ಲಿದೆ?’ ಎಂಬ ಮಾತಿಗೆ ಬಲವಿರುವುದಿಲ್ಲ. ಖಜಾಂಚಿಯವರನ್ನು ಮೊದಲೇ ಕಂಡು ಲೆಕ್ಕ ಸರಿಯಿದೆಯೇ ಎಂದು ಕೇಳಿಕೊಳ್ಳಿ. ಕಮಿಟಿಯ ಮುಂದೆ ಅವರಿಗೆ ಮುಜುಗರವಾದರೆ ಮಾತು ಸಂಬಳ ಬಿಟ್ಟು ಮಕ್ಕಳ ನಡತೆಯ ಕಡೆ ತಿರುಗುತ್ತದೆ. ಓದುವುದು ಮಕ್ಕಳೇ ಆಗಬೇಕು, ನೀವು ಹಿಂದೆ ಕುಳಿತಿರಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಅಪಘಾತ ವಿಮೆ ಮಾಡಿಸಿ ಕೈತೊಳೆದುಕೊಳ್ಳೋಣ ಎಂದು ಯಾರಾದರೂ ಹೇಳುತ್ತಾರೆ. ಮಾಡಿಸಲಿ, ಆದರೆ ಅದು ಸಂಬಳಕ್ಕೆ ಬದಲಿಯಲ್ಲ.

ಇದಾದ ಮೇಲೆ ಹೊರಗೆ ಹೋಗಿ. ನಿಮ್ಮ ಬೀದಿಯ ಚರಂಡಿ, ಮ್ಯಾನ್‌ಹೋಲ್‌ಗೆ ಯಾರು ಇಳಿಯುತ್ತಾರೆ? 2013ರ ಕಾಯ್ದೆ ಮಲ ಹೊರುವ ಕೆಲಸವನ್ನೂ, ರಕ್ಷಣೆಯಿಲ್ಲದೆ ಒಳಚರಂಡಿಗೆ ಇಳಿಸುವುದನ್ನೂ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಗರಸಭೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಬರೆಯುವುದು ಮಕ್ಕಳು, ಸಹಿ ಮಾತ್ರ ಹಿರಿಯರದು, ವಿಳಾಸ ಚರ್ಚಿನದಲ್ಲ. ಬರೀ ಕಾಗದದಿಂದ ಏನಾಗುತ್ತದೆ ಎಂದು ಕೇಳುವ ಮಕ್ಕಳಿಗೆ ಕೆಜಿಎಫ್‌ನಲ್ಲಿ ಹುಟ್ಟಿದ, ಮಲ ಹೊರುವ ಪದ್ಧತಿಯ ವಿರುದ್ಧದ ಹೋರಾಟಕ್ಕೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಅವರ ಕಥೆ ಹೇಳಿ. ಮಲವನ್ನು ಕೈಯಿಂದಲೇ ಬಳಿಯಬೇಕಾದ ಊರಿನ ಒಣ ಪಾಯಿಖಾನೆಗಳ ವಿರುದ್ಧ ಸ್ಥಳೀಯ ಅಧಿಕಾರಿಗಳಿಗೆ ದೂರು ಕೊಟ್ಟರು, ಅವರು ಕಿವಿಗೊಡದಾಗ ಪ್ರಧಾನಮಂತ್ರಿಗೇ ಬರೆದರು. ಕೊನೆಗೆ ಆ ಪಾಯಿಖಾನೆಗಳು ಬದಲಾದವು.

ನಿಮ್ಮ ಗುಂಪಿನಲ್ಲಿ ದಲಿತ ಕ್ರೈಸ್ತ ಮನೆಗಳ ಮಕ್ಕಳಿದ್ದರೆ ಅವರ ಬದುಕನ್ನು ಪಾಠದ ಉದಾಹರಣೆಯಾಗಿಸಬೇಡಿ. ಅವರು ತಾವಾಗಿ ಹೇಳಿದರೆ ಕೇಳಿ, ಅಷ್ಟೇ. 1950ರ ರಾಷ್ಟ್ರಪತಿ ಆದೇಶ ಕ್ರೈಸ್ತರಾದ ದಲಿತರನ್ನು ಪರಿಶಿಷ್ಟ ಜಾತಿ ಪಟ್ಟಿಯಿಂದ ಹೊರಗಿಟ್ಟಿದೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಕ್ರೈಸ್ತರಿಗಿಲ್ಲ. ನವೆಂಬರಿನ ಎರಡನೇ ಭಾನುವಾರ ದಲಿತ ವಿಮೋಚನಾ ಭಾನುವಾರ. ಆ ದಿನದ ವಾಚನ, ಬಿನ್ನಹಗಳನ್ನು ಮಕ್ಕಳಿಗೇ ಬಿಟ್ಟುಕೊಡಿ ಎಂದು ಸಭಾಪಾಲಕರನ್ನು ಸೆಪ್ಟೆಂಬರಿನಲ್ಲೇ ಕೇಳಿ.

ಪೋಷಕರ ಒಪ್ಪಿಗೆ ಪತ್ರ ಬರೆಸಿಕೊಳ್ಳಿ, ಯಾವಾಗಲೂ ಇಬ್ಬರು ಹಿರಿಯರಿರಲಿ, ಒಬ್ಬೊಬ್ಬ ಮಗುವಿನ ಜೊತೆ ಖಾಸಗಿ ಚಾಟ್ ಇರದಿರಲಿ. ಮಾತಿನ ನಡುವೆ ಮಗುವೊಂದು ಲೈಂಗಿಕ ದೌರ್ಜನ್ಯದ ಸುಳಿವು ಕೊಟ್ಟರೆ ಪೊಲೀಸರಿಗೆ ತಿಳಿಸುವುದು (ನೆರವಿಗೆ ಮಕ್ಕಳ ಸಹಾಯವಾಣಿ 1098 ಇದೆ) ಮಕ್ಕಳ ರಕ್ಷಣೆಯ ಪೋಕ್ಸೊ ಕಾಯ್ದೆ ಪ್ರಕಾರ ನಿಮ್ಮ ಕರ್ತವ್ಯ, ಕಮಿಟಿಯ ಅನುಮತಿಗೆ ಕಾಯುವಂತಿಲ್ಲ.

ಕಮಿಟಿ ಮನವಿಯನ್ನು ತಳ್ಳಿಹಾಕಿದರೆ? ಕಾರಣವನ್ನು ಬರಹದಲ್ಲಿ ಕೇಳಿ, ವಾರ್ಷಿಕ ಮಹಾಸಭೆಯ ಅಜೆಂಡಾಕ್ಕೆ ಸೇರಿಸಿ. ಮಕ್ಕಳಿಗೆ ಅಲ್ಲಿ ವೋಟಿರುವುದಿಲ್ಲ. ಹಾಗಾಗಿ ಒಬ್ಬೊಬ್ಬ ಮಗುವೂ ವೋಟಿರುವ ಒಬ್ಬ ಅಜ್ಜಿಯನ್ನೋ ಚಿಕ್ಕಪ್ಪನನ್ನೋ ಹಿಡಿದು, ಆ ಒಂದು ಪುಟ ಓದಿ ಹೇಳಿ, ಮಹಾಸಭೆಗೆ ಕರೆತರಲಿ.