ಏಡಿ ಸಿಕ್ಕ ಜಾಗದಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ ‘ಮುಕ್ತ ತಂತ್ರಾಂಶ ಕ್ರಾಂತಿಗೆ ಮಲೆನಾಡಿನ ಕೊಡುಗೆ’ ಲೇಖನವನ್ನು ಎರಡು ಸಲ ಓದಿದೆ. ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ ಕೂತು, ಹಳೇ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಡ್ರೈವರಿನಲ್ಲಿದ್ದ ಒಂದು ಬಗ್ ಹುಡುಕಿ, ನೀವು ಮಾಡಿದ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಲಿನಕ್ಸಿನಲ್ಲಿ ಬಳಸುವ ಗ್ರಾಫಿಕ್ಸ್ ಡ್ರೈವರುಗಳ ಮುಕ್ತ ತಂತ್ರಾಂಶವಾದ ಮೆಸಾದೊಳಗೆ ಸೇರುವವರೆಗೆ ಬೆನ್ನು ಬಿಡದ ಕತೆ ಅದು. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡೂವರೆ ಪುಟ ತೆಗೆದುಬಿಡಿ. ಅದು ಇತಿಹಾಸದ ಪಾಠ, ಅದರಲ್ಲೂ ತಪ್ಪುಗಳಿವೆ. ಮೆಸಾವನ್ನು ಒಂದು ಕಂಪನಿ ಶುರು ಮಾಡಿತು ಅಂದಿದ್ದೀರಿ. ಅಲ್ಲ, ಬ್ರಯಾನ್ ಪಾಲ್ ಎಂಬ ಒಬ್ಬರು 1993ರಲ್ಲಿ ಬಿಡುವಿನ ಹೊತ್ತಿನಲ್ಲಿ ಶುರು ಮಾಡಿದ್ದು. ಬೇರೆಯವರ ಕೈಗೆ ಸಿಕ್ಕಿದ್ದು 1995ರಲ್ಲಿ. ಎನ್ವಿಡಿಯಾ ಕಂಪನಿಯ ಚಿಪ್ಪುಗಳಿಗಿರುವ ನೂವೋ ಡ್ರೈವರನ್ನು ಆ ಕಂಪನಿಯೇ ಕೊಟ್ಟಿತು ಅಂತ ಬರೆದಿದ್ದೀರಿ. ಅದೂ ತಪ್ಪು. ಚಿಪ್ಪಿನ ವಿವರ ಕೈಯಲ್ಲಿಲ್ಲದೆ, ಅದು ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಿ ನೋಡಿ ಹೊರಗಿನವರು ಕಟ್ಟಿದ ಡ್ರೈವರ್ ಅದು. 2010ರಲ್ಲಿ ಲಿನಕ್ಸಿನ ತಿರುಳಾದ ಕರ್ನಲ್‌ನ 2.6.33ನೇ ಆವೃತ್ತಿಯೊಳಗೆ ಸೇರಿತು. ಇವನ್ನೆಲ್ಲ ತಿದ್ದಿದರೂ ಆ ಪುಟಗಳು ಬೇಡ.

ಅಲ್ಲಿಂದ ಒಂದೇ ವಿಷಯ ಉಳಿಸಿಕೊಳ್ಳಿ. 2022ರಲ್ಲಿ ಬಂದ ಮೆಸಾ 22.0ರಿಂದ ಇಂಟೆಲ್ ಚಿಪ್ಪುಗಳ ಹಳೇ ಐ965 ಡ್ರೈವರನ್ನು ತೆಗೆದರು. ನಿಮ್ಮಲ್ಲಿರುವಂಥ ಹಳೇ ಇಂಟೆಲ್ ಚಿಪ್ಪುಗಳಿಗೆ ಉಳಿದಿದ್ದು ಕ್ರೋಕಸ್ ಎಂಬ ಇನ್ನೊಂದು ಡ್ರೈವರ್. ಅಷ್ಟು ಹಳೇ ಯಂತ್ರವನ್ನು ದಿನಾ ಬಳಸುತ್ತಾ, ಎಲ್ಲಿ ಎಡವುತ್ತದೆ ಅಂತ ನೋಡುವವರು ಕಡಿಮೆ. ನೀವು ನೋಡಿದಿರಿ. ಹೊಸದು ಕೊಳ್ಳಲು ದುಡ್ಡಿರಲಿಲ್ಲ ಅಂತ ಒಂದು ಕಡೆ ಸಂಕೋಚದಿಂದ ಬರೆದಿದ್ದೀರಿ. ಆ ಸಂಕೋಚ ಬಿಡಿ. ಆ ಯಂತ್ರ ನಿಮ್ಮ ಹತ್ತಿರ ಇದ್ದಿದ್ದಕ್ಕೇ ಬಗ್ ಸಿಕ್ಕಿದ್ದು.

ಭಾಷೆ ಬಗ್ಗೆ ಒಂದು ಮಾತು. ‘ಚಿತ್ರಸಂಸ್ಕರಣ ಚಾಲಕ ತಂತ್ರಾಂಶ’ ಅಂತ ಹನ್ನೊಂದು ಸಲ ಬಂದಿದೆ. ನೀವು ಗೆಳೆಯರ ಹತ್ತಿರ ಹಾಗೆ ಹೇಳುತ್ತೀರಾ? ‘ಗ್ರಾಫಿಕ್ಸ್ ಡ್ರೈವರ್’ ಅಂತಲೇ ಬರೆಯಿರಿ. ಪ್ರೋಗ್ರಾಮ್ ‘ಇದನ್ನು ಬಿಡಿಸು’ ಅನ್ನುತ್ತದೆ, ಡ್ರೈವರ್ ಅದನ್ನು ಚಿಪ್ಪಿಗೆ ತಿಳಿಯುವ ಮಾತಿಗೆ ತಿರುಗಿಸುತ್ತದೆ. ಇಷ್ಟು ಹೇಳಿದರೆ ಓದುಗರಿಗೆ ಸಾಕು.

ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದ ನಡುವೆ. ‘ಶಿವಮೊಗ್ಗ’ ಅಂತ ಟೈಪ್ ಮಾಡಿದಿರಿ. ಗಕಾರದ ಕೆಳಗೆ ಒತ್ತು ಇರಬೇಕಾದ ಕಡೆ ಇನ್ಯಾವುದೋ ಅಕ್ಷರದ ತುಂಡು ಬಂದು ಕೂತಿತ್ತು. ಪುಟವನ್ನು ಸ್ವಲ್ಪ ಮೇಲೆ ಸರಿಸಿದರೆ ಒತ್ತು ಸರಿಯಾಯಿತು, ಪಕ್ಕದ ಅಕ್ಷರ ಕೆಟ್ಟಿತು. ಓದುವಾಗ ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದು ಇಲ್ಲೇ. ನೀವು ಮಾತ್ರ ಎರಡೇ ಸಾಲಿನಲ್ಲಿ ಮುಗಿಸಿ ‘ಆಳವಾದ ವಿಶ್ಲೇಷಣೆಯ ನಂತರ ದೋಷ ಪತ್ತೆಯಾಯಿತು’ ಅಂತ ಮುಂದೆ ಹೋಗಿದ್ದೀರಿ. ಆ ವಿಶ್ಲೇಷಣೆ ಏನು ಅಂತ ಹೇಳಿ. ಮೊದಲು ಫಾಂಟಿನ ಮೇಲೆ ಅನುಮಾನ ಬಂತು ಅಲ್ವಾ? ಫಾಂಟ್ ಕೆಟ್ಟಿದ್ದರೆ ಆ ಒತ್ತು ಯಾವಾಗಲೂ ಒಂದೇ ಥರ ಕೆಡಬೇಕಿತ್ತು. ಆಮೇಲೆ ಚಿಪ್ಪನ್ನು ಬದಿಗಿಟ್ಟು, ಮೆಸಾದಲ್ಲೇ ಇರುವ ಎಲ್‌ಎಲ್‌ವಿಎಂಪೈಪ್ ಬಳಸಿ ಸಿಪಿಯುವಿನಲ್ಲೇ ಚಿತ್ರ ಬಿಡಿಸಿ ನೋಡಿದಿರಿ. ಅಕ್ಷರ ಸರಿ ಬಂತು. ಅನುಮಾನ ಫಾಂಟಿನಿಂದ ಡ್ರೈವರಿಗೆ ಜರುಗಿದ್ದು ಆ ಗಳಿಗೆಯಲ್ಲಿ. ಇದನ್ನು ನಿಧಾನವಾಗಿ ಬರೆಯಿರಿ. ಓದುವವರು ನಿಮ್ಮ ಪಕ್ಕದಲ್ಲೇ ಕೂತು ಆ ಪರದೆ ನೋಡಬೇಕು.

ಕೊನೆಗೆ ಸಿಕ್ಕ ಕಾರಣವನ್ನೂ ಬಿಡಿಸಿ ಹೇಳಿ. ಪ್ರೋಗ್ರಾಮ್ ಅಕ್ಷರಗಳನ್ನು ಒಮ್ಮೆ ಬಿಡಿಸಿ, ಒಂದು ದೊಡ್ಡ ಹಾಳೆಯಲ್ಲಿ ಒತ್ತೊತ್ತಾಗಿ ಜೋಡಿಸಿ ಇಟ್ಟುಕೊಳ್ಳುತ್ತದೆ. ಬೇಕಾದಾಗ ಅಲ್ಲಿಂದ ತೆಗೆದು ಪರದೆಗೆ ಹಾಕುತ್ತದೆ. ಹಾಳೆಗೆ ಹೊಸ ಅಕ್ಷರ ಸೇರಿದ ಮೇಲೆ ಚಿಪ್ ತನ್ನ ಕ್ಯಾಶಿನಲ್ಲಿ, ಅಂದರೆ ಕೈಗೆಟುಕುವ ಹಾಗೆ ಇಟ್ಟುಕೊಂಡ ಪುಟ್ಟ ನೆನಪಿನಲ್ಲಿ, ಇರುವ ಹಳೇ ಪ್ರತಿ ಬಿಟ್ಟು ಹೊಸದನ್ನು ಓದಬೇಕು. ಹಾಗೆ ಓದಿಸುವ ಸಾಲು ಡ್ರೈವರಿನ ಒಂದು ಕಡೆ ತಪ್ಪಿಹೋಗಿತ್ತು. ನಿಮ್ಮ ಪ್ಯಾಚ್ ಬರೀ ಮೂರು ಸಾಲು. ಮೂರೇ ಸಾಲು ಅನ್ನುವುದನ್ನು ನೀವು ಮುಚ್ಚಿಟ್ಟ ಹಾಗೆ ಕಾಣುತ್ತದೆ. ಮುಚ್ಚಿಡಬೇಡಿ.

ಆ ಮೂರು ಸಾಲಿನವರೆಗೆ ಹೋದ ದಾರಿ ಇದೆಯಲ್ಲ, ನನಗೆ ಬೇಕಾದದ್ದು ಅದು. ಸರಿಯಿದ್ದ ಮೆಸಾಕ್ಕೂ ಕೆಟ್ಟ ಮೆಸಾಕ್ಕೂ ನಡುವೆ ಸುಮಾರು 4000 ಬದಲಾವಣೆ ಇದ್ದವು, ಗಿಟ್ ಬೈಸೆಕ್ಟ್ ಮಾಡಿದೆ ಅಂದಿದ್ದೀರಿ. ಗಿಟ್ ಅಂದರೆ ಕೋಡಿನ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಸಾಧನ, ಬೈಸೆಕ್ಟ್ ಅಂದರೆ ಅವುಗಳಲ್ಲಿ ಕೆಟ್ಟದ್ದು ಯಾವುದು ಅಂತ ಅರ್ಧರ್ಧ ಮಾಡುತ್ತಾ ಹುಡುಕುವುದು. ನಡುವಿನದನ್ನು ತೆಗೆದು ಕಂಪೈಲ್ ಮಾಡುವುದು (ಕೋಡನ್ನು ಓಡುವ ಪ್ರೋಗ್ರಾಮ್ ಆಗಿಸುವುದು), ಅಕ್ಷರ ನೋಡುವುದು, ಅರ್ಧ ಭಾಗ ಬಿಟ್ಟುಬಿಡುವುದು. 4000 ಇದ್ದರೂ 12 ಸಲಕ್ಕೆ ಮುಗಿಯುತ್ತದೆ. ಲೆಕ್ಕ ಸರಿ. ಆದರೆ ಆ 12 ಸಲ ನಿಮ್ಮ ಮನೆಯಲ್ಲಿ ಹೇಗಿತ್ತು? ಜುಲೈ ತಿಂಗಳು, ಜಡಿಮಳೆ, ಕರೆಂಟು ಹೋದರೆ ಎರಡು ದಿನ ಇಲ್ಲ ಅಂತ ನೀವೇ ಬೇರೆ ಪುಟದಲ್ಲಿ ಬರೆದಿದ್ದೀರಿ. ಕಂಪೈಲ್ ಅರ್ಧಕ್ಕೆ ನಿಂತಾಗ ಏನು ಮಾಡಿದಿರಿ? ಎಷ್ಟನೇ ಸಲದಲ್ಲಿದ್ದೆ ಅನ್ನುವುದನ್ನು ಗಿಟ್ ನೆನಪಿಟ್ಟುಕೊಂಡಿರುತ್ತದೆ. ಕರೆಂಟು ಬಂದ ಮೇಲೆ ಅಲ್ಲಿಂದಲೇ ಮುಂದುವರಿಸಬಹುದು. ಅದು ನಿಮಗೆ ಆಗ ಗೊತ್ತಿತ್ತಾ, ಇಲ್ಲಾ ಮೊದಲಿಂದ ಶುರು ಮಾಡಿದಿರಾ?

ಇನ್ನು ಮುಖ್ಯವಾದ ಮಾತು. ನಾಲ್ಕನೇ ಪುಟದ ಕೊನೆಯಲ್ಲಿ, ಸುಮ್ನೆ ಬಂದು ಹೋಗುವ ಹಾಗೆ ಒಂದು ಸಾಲಿದೆ: ‘ಆ ದಿನ ಗುಡ್ಡದ ಅಬ್ಬಿ ನೀರು ನಿಂತಿತ್ತು, ಅಪ್ಪ ಪೈಪಿನ ನಡುವಿನ ಜಾಯಿಂಟ್ ಬಿಚ್ಚಿ ನೋಡಿ ಬಂದರು, ಏಡಿ ಸಿಕ್ಕಿಕೊಂಡಿತ್ತು.’ ಗಮನಿಸಿದಿರಾ? ನಿಮ್ಮ ಅಪ್ಪ ಪೈಪಿನ ಉದ್ದಕ್ಕೂ ನಡೆಯಲಿಲ್ಲ. ನಡುವಿನ ಜಾಯಿಂಟಿಗೆ ಹೋದರು. ಅಲ್ಲಿ ನೀರು ಬಂದರೆ ಕೆಳಗೆ ಹುಡುಕಬೇಕು, ಬರದಿದ್ದರೆ ಮೇಲೆ. ಅವರು ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಮಾಡಿದ್ದು ಅದು. ಅದೇ ಹೊತ್ತಿಗೆ ನೀವು ಜಗಲಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಮಾಡುತ್ತಿದ್ದುದೂ ಅದೇ. ಇದು ನಿಮ್ಮ ಲೇಖನದ ಜೀವ. ಇಲ್ಲಿಂದಲೇ ಶುರು ಮಾಡಿ. ಎರಡನ್ನೂ ಪಕ್ಕ ಪಕ್ಕ ಇಡಿ, ಸಾಕು. ‘ಇದೂ ಅದೂ ಒಂದೇ’ ಅಂತ ವಿವರಿಸಲು ಹೋಗಬೇಡಿ. ನಮ್ಮ ಓದುಗರಲ್ಲಿ ಜಾಸ್ತಿ ಜನ ಅಬ್ಬಿ ನೀರು ಕುಡಿದೇ ಬೆಳೆದವರು.

ಪ್ಯಾಚ್ ಮೊದಲ ಸಲ ವಾಪಸ್ ಬಂದಿದ್ದನ್ನು ‘ಕೆಲವು ಅಡೆತಡೆಗಳು ಎದುರಾದವು’ ಅಂತ ಒಂದೇ ಸಾಲಿನಲ್ಲಿ ದಾಟಿದ್ದೀರಿ. ನೋವಾಗಿರಬೇಕು, ಅರ್ಥವಾಗುತ್ತದೆ. ಆದರೆ ಪರಿಶೀಲನೆ ಮಾಡಿದವರು ಕೇಳಿದ್ದು ಒಳ್ಳೇ ಪ್ರಶ್ನೆ: ಏನು ಬದಲಿಸಿದ್ದೀರಿ ಅಂತ ಕೋಡೇ ಹೇಳುತ್ತದೆ, ಯಾಕೆ ಬದಲಿಸಿದಿರಿ ಅಂತ ಬರೆಯಿರಿ. ನೀವು ಆ ವಿವರಣೆಯನ್ನು ನಾಲ್ಕು ಸಲ ತಿದ್ದಿದಿರಿ. ಮೊದಲನೆಯದೂ ಕೊನೆಯದೂ ಎರಡನ್ನೂ ಕನ್ನಡದಲ್ಲಿ ಹಾಕಿ. ‘ಲಕ್ಷಾಂತರ ಜನರಿಗೆ ಉಪಕಾರವಾಯಿತು’ ಅನ್ನುವ ಮಾತು ತೆಗೆಯಿರಿ, ಎಷ್ಟು ಜನ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒತ್ತು ಸರಿಯಾಗಿ ಕಂಡ ಆ ರಾತ್ರಿ ಮನೆಯಲ್ಲಿ ಯಾರನ್ನು ಕರೆದು ತೋರಿಸಿದಿರಿ? ಅದನ್ನು ಬರೆದರೆ ಆಯಿತು.

ದೀಪಾವಳಿ ಒಳಗೆ ಕಳಿಸಿ. ಅಡಿಕೆ ಕೊಯ್ಲು ಶುರುವಾದರೆ ನಿಮಗೂ ಪುರುಸೊತ್ತು ಸಿಗುವುದಿಲ್ಲ. ಕೆಟ್ಟ ‘ಶಿವಮೊಗ್ಗ’ದ ಸ್ಕ್ರೀನ್‌ಶಾಟ್ ಉಳಿದಿದ್ದರೆ ಜೊತೆಗಿಡಿ, ಲೇಖನದ ತಲೆಯ ಮೇಲೆ ಅದನ್ನೇ ಹಾಕೋಣ. ಗುಡ್ಡದಿಂದ ಮನೆವರೆಗೆ ಪೈಪಿಗೆ ಎಷ್ಟು ಜಾಯಿಂಟ್ ಇವೆ, ಏಡಿ ಎಷ್ಟನೆಯದರ ಹತ್ತಿರ ಸಿಕ್ಕಿತು ಅಂತ ಅಪ್ಪನನ್ನು ಕೇಳಿಕೊಂಡು ಬರೆಯಿರಿ.