ಸಾಹಿತ್ಯ, ಇತಿಹಾಸ ಓದಿದ ಜಡ್ಜ್ ಕೊಡುವ ತೀರ್ಪು ಬೇರೆ ಆಗುತ್ತಾ?

ಆಗುತ್ತದೆ. ಕಾನೂನು ಅದೇ ಇರುತ್ತದೆ, ಸಾಕ್ಷಿಯನ್ನು ಅಳೆಯುವ ರೀತಿ ಬದಲಾಗುತ್ತದೆ.

ನಮ್ಮ ಕಲಬುರಗಿ ಕೋರ್ಟನ್ನೇ ತಗೊಳ್ಳಿ. ತಾಂಡಾದಿಂದ ಬಂದ ಹೆಂಗಸು ಕಟಕಟೆಯಲ್ಲಿ ನಿಂತಿದ್ದಾಳೆ, ಮನೆಮಾತು ಲಂಬಾಣಿ, ವಕೀಲರು ಜೋರು ಮಾಡಿದರೆ ತಡವರಿಸುತ್ತಾಳೆ, ತಾರೀಖು ಕೇಳಿದರೆ ‘ಜೋಳದ ರಾಶಿ ಟೈಮಿನಾಗ’ ಅನ್ನುತ್ತಾಳೆ. ಇದು ಸುಳ್ಳಾ, ಅಥವಾ ಅವಳು ಕಾಲ ಲೆಕ್ಕ ಹಾಕೋದೇ ಹಾಗಾ? ಸಾಕ್ಷಿಯ ನಡವಳಿಕೆ ಬಗ್ಗೆ ಜಡ್ಜ್ ಟಿಪ್ಪಣಿ ಬರೆಯಬೇಕು ಅಂತ ಹಳೇ ಸಿಆರ್‌ಪಿಸಿಯ (ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಕಾನೂನು) 280ನೇ ಸೆಕ್ಷನ್ ಹೇಳಿತ್ತು. ಆ ತಡವರಿಕೆಯನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ಯಾವ ಸೆಕ್ಷನ್ನೂ ಕಲಿಸಲ್ಲ. ಒಳ್ಳೆ ಕಾದಂಬರಿ ಕಲಿಸುತ್ತದೆ, ಒಂದೇ ಘಟನೆಯನ್ನು ನಾಲ್ಕು ಜನರ ಒಳಗಿಂದ ನೋಡೋ ಅಭ್ಯಾಸ ಅದು.

ಇತಿಹಾಸವೂ ಬೇಕು. 1948ರವರೆಗೆ ಇಲ್ಲಿ ನಿಜಾಮರ ಆಡಳಿತ. ಆಳುವವರು ಕೊಡುತ್ತಿದ್ದ ಜಮೀನು, ಅಂದರೆ ಜಾಗೀರು, ಇನಾಮು ಹೇಗಿತ್ತು ಅಂತ ಗೊತ್ತಿಲ್ಲದೆ ಹಳೇ ಜಮೀನಿನ ಉರ್ದು ಕಾಗದ ಹಿಡಿದರೆ ಏನು ಪ್ರಯೋಜನ?

ಹಾಗಂತ ಸುಮ್ನೆ ಕರುಣೆ ತೋರಿಸೋದಲ್ಲ ಇದು. 1985ರಲ್ಲಿ ಬಾಂಬೆ ಫುಟ್‌ಪಾತ್ ವಾಸಿಗಳ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಅವರು ಕೆಲಸಕ್ಕೆ ಹತ್ತಿರ ಅಂತಲೇ ಅಲ್ಲಿ ಮಲಗುತ್ತಾರೆ ಅನ್ನೋದನ್ನು ಗುರುತಿಸಿ, ದುಡಿದು ತಿನ್ನೋದೂ ಬದುಕುವ ಹಕ್ಕಿನ ಭಾಗ ಅಂದಿತು. ಕಾನೂನು ಪ್ರಕಾರ ತೆರವು ಮಾಡಬಹುದು ಅಂತಲೂ ಹೇಳಿತು.