ಗುಡುಗು ಕೇಳಿತೆಂದರೆ ಏಣಿ ಇಳಿಯಬೇಕೆ?

ಪ್ರಶ್ನೆ: ಏಪ್ರಿಲ್ ಬಂತೆಂದರೆ ಜಿಲ್ಲೆಯಲ್ಲಿ ಗುಡುಗು ಸಹಿತ ಮಳೆ, ಯೆಲ್ಲೋ ಅಲರ್ಟ್ ಎಂಬ ಸಂದೇಶ ದಿನ ಬಿಟ್ಟು ದಿನ ಬರುತ್ತದೆ. ಅರ್ಧದಷ್ಟು ದಿನ ನಮ್ಮ ತೋಟಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಹಾಗೆಂದು ಕಡೆಗಣಿಸಿದ ದಿನವೇ ಪಕ್ಕದ ತೋಟದ ಸಿಲ್ವರ್ ಓಕ್ ಮರಕ್ಕೆ ಸಿಡಿಲು ಹೊಡೆಯಿತು. ನಮ್ಮ ಕೆಲಸದವರು ಆಗ ಏಣಿಯ ಮೇಲೆ ನಿಂತು ಮೆಣಸು ಕೊಯ್ಯುತ್ತಿದ್ದರು. ಈ ಸೂಚನೆಗಳನ್ನು ಎಷ್ಟು ನಂಬಬೇಕು, ಕೆಲಸ ಯಾವಾಗ ನಿಲ್ಲಿಸಬೇಕು?
– ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಬಣ್ಣದ ಸೂಚನೆ ಇಡೀ ಜಿಲ್ಲೆಗೆ ಕೊಡುವಂಥದ್ದು. ಚಿಕ್ಕಮಗಳೂರು ಜಿಲ್ಲೆಯೆಂದರೆ ಕಡೂರಿನ ಬಯಲೂ ಹೌದು, ಕುದುರೆಮುಖದ ಕಾಡೂ ಹೌದು. ಗುಡುಗಿನ ಮೋಡವಾದರೋ ಕೆಲವೇ ಕಿಲೋಮೀಟರ್ ಅಗಲದ್ದು. ಆದ್ದರಿಂದ ನಿಮ್ಮ ತೋಟಕ್ಕೆ ಹನಿ ಬೀಳದ ದಿನ ಸೂಚನೆ ಸುಳ್ಳಾಯಿತೆಂದು ತಿಳಿಯಬೇಕಿಲ್ಲ, ಅಂದು ಮೋಡ ಬೇರೆ ಹೋಬಳಿಯ ಮೇಲೆ ಕವಿದಿರುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹಳದಿ ಎಂದರೆ ಗಮನಿಸುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ ಎಂದರ್ಥ. ಇದಲ್ಲದೆ ಮುಂದಿನ 3 ಗಂಟೆಗಳಿಗೆ ಮಾತ್ರ ಅನ್ವಯಿಸುವ ತಕ್ಷಣದ ಮುನ್ಸೂಚನೆಯನ್ನೂ ಇಲಾಖೆ ಹೊರಡಿಸುತ್ತದೆ; ಕೆಲಸ ಮಾಡಿಸುವವರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಅದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ‘ದಾಮಿನಿ’, ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಎಂಬ ಎರಡು ಆ್ಯಪ್‌ಗಳು ಸುತ್ತಮುತ್ತ ಸಿಡಿಲು ಎಲ್ಲಿ ಬೀಳುತ್ತಿದೆಯೆಂಬುದನ್ನು ತೋರಿಸುತ್ತವೆ. ಆದರೆ ತೋಟದ ಇಳಿಜಾರಿನಲ್ಲಿ ಒಂದು ಕರೆ ಸಿಗಲು ದಿಬ್ಬ ಹತ್ತಬೇಕಾದ ನಮ್ಮ ಕಡೆ, ಕೊನೆಯ ತೀರ್ಮಾನವನ್ನು ಕಿವಿಗೇ ಬಿಡುವುದು ವಾಸಿ.

ನಮ್ಮವರು ಮಾಡುವ ದೊಡ್ಡ ತಪ್ಪೆಂದರೆ ಮಳೆಗಾಗಿ ಕಾಯುವುದು. ಗುಡುಗು ಕೇಳಿದರೂ ಕೊಯ್ಲು ನಿಲ್ಲುವುದಿಲ್ಲ. ಹನಿ ಬಿದ್ದಾಗ ಎಲ್ಲರೂ ಓಡುತ್ತಾರೆ, ಅದೂ ಹತ್ತಿರದ ದೊಡ್ಡ ಮರದ ಬುಡಕ್ಕೆ. ಸಿಡಿಲಿಗೆ ಮಳೆಯ ಹಂಗಿಲ್ಲ. ಮಳೆ ಸುರಿಯುತ್ತಿರುವ ಜಾಗದಿಂದ 10 ಕಿಲೋಮೀಟರ್ ಆಚೆಗೂ ಅದು ಬೀಳಬಲ್ಲದು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ, ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಎಣಿಕೆ 30 ಅಥವಾ ಅದಕ್ಕಿಂತ ಕಡಿಮೆಯಾದರೆ ಏಣಿಯ ಮೇಲಿರುವವರು ಇಳಿದು ತೋಟ ಬಿಡಬೇಕು. ಸಾಲುಮರಗಳ ನಡುವೆ ಮಿಂಚು ಕಾಣದೆ ಗುಡುಗು ಮಾತ್ರ ಕೇಳುವ ತೋಟಗಳಲ್ಲಿ ಎಣಿಸುತ್ತ ಕೂರದೆ ಮೊದಲ ಗುಡುಗಿಗೇ ಹೊರಡುವುದು ಲೇಸು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮರಳಬಾರದು. ಬಿಸಿಲು ಬಂದಿತೆಂದು ಹತ್ತೇ ನಿಮಿಷಕ್ಕೆ ಏಣಿ ಏರುವವರನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ.

ಮರದ ಬುಡ ಏಕೆ ಬೇಡವೆಂಬುದಕ್ಕೆ ಬೇಲೂರಿನ ಬಳಿಯ ನಮ್ಮ ಹಳೆಯ ಮನೆಯ ಹಿತ್ತಿಲಿನಲ್ಲಿದ್ದ ಹಲಸಿನ ಮರವೇ ನನಗೆ ಪಾಠ. ಒಂದು ಭರಣಿ ಮಳೆಯ ಸಂಜೆ ಅದಕ್ಕೆ ಸಿಡಿಲು ಹೊಡೆದಾಗ ತುದಿಯಿಂದ ಬೇರಿನವರೆಗೆ ಅಂಗೈ ಅಗಲದ ಪಟ್ಟಿಯಂತೆ ತೊಗಟೆ ಕಿತ್ತುಹೋಗಿತ್ತು. ಅದರ ಚಕ್ಕೆಯೊಂದು ಇಪ್ಪತ್ತು ಹೆಜ್ಜೆ ದೂರದ ಕೊಟ್ಟಿಗೆಯ ಹೆಂಚನ್ನು ಒಡೆದಿತ್ತು. ತೊಗಟೆಯಡಿಯ ರಸ ಕ್ಷಣಾರ್ಧದಲ್ಲಿ ಆವಿಯಾಗಿ ಸಿಡಿಯುವುದರಿಂದ ಹೀಗಾಗುತ್ತದೆ. ಮರಕ್ಕಿಂತ ಮನುಷ್ಯನ ಒದ್ದೆ ಮೈ ವಿದ್ಯುತ್ತಿಗೆ ಸುಲಭದ ದಾರಿಯಾದ್ದರಿಂದ, ಕಾಂಡದಲ್ಲಿ ಇಳಿಯುತ್ತಿರುವ ಸಿಡಿಲು ಬುಡದಲ್ಲಿ ನಿಂತವರ ಮೇಲೆ ಪಕ್ಕಕ್ಕೆ ಜಿಗಿಯುತ್ತದೆ. ಅಲ್ಯೂಮಿನಿಯಂ ಏಣಿ, ಸ್ಪ್ರಿಂಕ್ಲರ್ ಪೈಪು, ತಂತಿಬೇಲಿ ಇವುಗಳಿಂದಲೂ ದೂರವಿರಬೇಕು. ಬೇಲಿಯ ಒಂದು ತುದಿಗೆ ಬಿದ್ದ ಸಿಡಿಲು ಇನ್ನೊಂದು ತುದಿಯಲ್ಲಿ ಕೈಯಿಟ್ಟವರನ್ನು ತಲುಪಬಲ್ಲದು.

ಆಶ್ರಯಕ್ಕೆ ಗೋಡೆ, ಚಾವಣಿ, ವೈರಿಂಗ್ ಎಲ್ಲವೂ ಇರುವ ಮನೆಯಾಗಬೇಕು. ತೋಟದ ಕೆಲಸದವರು ವಾಸಿಸುವ ಲೈನ್ ಮನೆ ಆಗುತ್ತದೆ, ನಾಲ್ಕು ಕಂಬದ ಮೇಲೆ ತಗಡು ಹೊದಿಸಿದ ಶೆಡ್ ಆಗುವುದಿಲ್ಲ. ಗಾಜು ಏರಿಸಿದ ಕಾರು ಸುರಕ್ಷಿತ, ಏಕೆಂದರೆ ಅದರ ಲೋಹದ ಮೈಯೇ ಸಿಡಿಲನ್ನು ಹೊರಗಿನಿಂದಲೇ ನೆಲಕ್ಕೆ ಸಾಗಿಸುತ್ತದೆ. ನಮ್ಮ ಕಡೆಯ ಟಾರ್ಪಾಲು ಹೊದಿಸಿದ ಜೀಪಿಗೆ ಮಾತ್ರ ಈ ಭಾಗ್ಯವಿಲ್ಲ.

ಮುಂಗಾರಿಗೆ ಮೊದಲಿನ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರವೇ ಬರುತ್ತದೆ. ನೆಲ ಕಾದು, ಅರಬ್ಬಿ ಸಮುದ್ರದಿಂದ ಬಂದ ತೇವದ ಗಾಳಿ ಘಟ್ಟವೇರಿ ಮೋಡವಾಗಿ ಬೆಳೆಯಲು ಅಷ್ಟು ಹೊತ್ತು ಬೇಕು. ಆದುದರಿಂದ ಹಳದಿ ಸೂಚನೆಯ ದಿನ ಕೂಲಿ ಕಡಿತ ಮಾಡಿ ಕೆಲಸ ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಏಣಿಯ ಕೆಲಸವನ್ನು ಬೆಳಗ್ಗೆಯೇ ಮುಗಿಸಿ, ಊಟದ ನಂತರ ಗೋದಾಮಿನಲ್ಲಿ ಮೆಣಸು ಬಿಡಿಸುವ, ಚೀಲ ಹೊಲಿಯುವ ಕೆಲಸ ಇಟ್ಟುಕೊಳ್ಳಿ. ಗುಡುಗಿದಾಗ ಇಳಿದು ಬಂದವರ ಆ ಅರ್ಧ ದಿನದ ಕೂಲಿಯನ್ನು ಹಿಡಿಯುವುದಿಲ್ಲವೆಂದು ಮೇಸ್ತ್ರಿಯ ಮುಂದೆ ಮೊದಲೇ ಹೇಳಿಬಿಡಿ. ಇಲ್ಲವಾದರೆ ಯಾರೂ ತಾವಾಗಿ ಇಳಿಯುವುದಿಲ್ಲ.

ಪ್ರಶ್ನೆ: ಹೋದ ವರ್ಷ ನಮ್ಮೂರಿನ ಹುಣಸೆ ಮರಕ್ಕೆ ಸಿಡಿಲು ಬಡಿದಾಗ ಕೆಳಗೆ ಕಟ್ಟಿದ್ದ ಎರಡು ಎಮ್ಮೆಗಳೂ ಸತ್ತವು, ಸ್ವಲ್ಪ ದೂರದಲ್ಲಿದ್ದ ಹುಡುಗ ಬದುಕಿದ. ಇದೇಕೆ ಹೀಗೆ? ಮನೆಯೇ ಇಲ್ಲದ ಬಯಲಿನಲ್ಲಿ ಕುರಿ ಕಾಯುವವರು ಏನು ಮಾಡಬೇಕು?
– ಅರಸೀಕೆರೆ ತಾಲ್ಲೂಕಿನ ಓದುಗರು

ಉತ್ತರ: ಸಿಡಿಲು ನೆಲಕ್ಕಿಳಿದ ಮೇಲೆ ವಿದ್ಯುತ್ತು ಸುತ್ತಲೂ ಹರಡುತ್ತ ದೂರ ಹೋದಂತೆ ಕ್ಷೀಣಿಸುತ್ತದೆ. ಹತ್ತಿರದ ಕಾಲಿಗೂ ದೂರದ ಕಾಲಿಗೂ ಇರುವ ಈ ವ್ಯತ್ಯಾಸವೇ ಮೈಯೊಳಗೆ ವಿದ್ಯುತ್ತನ್ನು ಹರಿಸುವುದು. ದನ, ಎಮ್ಮೆಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ನಡುವೆ ಹೃದಯವಿದೆ. ಹುಡುಗನ ಎರಡು ಪಾದಗಳ ನಡುವಿನ ಅಂತರ ಕಡಿಮೆ, ಜೊತೆಗೆ ಅವನು ದೂರವೂ ಇದ್ದ.

ಬಯಲಿನಲ್ಲಿ ಸುರಕ್ಷಿತವಾದ ಜಾಗವೆಂಬುದು ಇಲ್ಲ. ಮೋಡ ಕಪ್ಪಾಗುವಾಗಲೇ ಮಂದೆಯನ್ನು ಊರ ಕಡೆ ತಿರುಗಿಸುವುದೊಂದೇ ಸರಿಯಾದ ಉಪಾಯ. ಸಿಕ್ಕಿಹಾಕಿಕೊಂಡರೆ ದಿಬ್ಬ, ಒಂಟಿಮರ, ಕೆರೆಯಂಗಳ ಬಿಟ್ಟು ತಗ್ಗಿಗೆ ಬಂದು, ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕುಳಿತು ತಲೆ ತಗ್ಗಿಸಬೇಕು. ಮಲಗಬಾರದು. ಹಲವರಿದ್ದರೆ ಒಬ್ಬರಿಗೊಬ್ಬರು ಅಂಟಿಕೊಳ್ಳದೆ ದೂರ ದೂರ ಇರಬೇಕು. ಇದು ಅಪಾಯವನ್ನು ಸ್ವಲ್ಪ ತಗ್ಗಿಸೀತು, ಅಷ್ಟೆ.

ಪ್ರಶ್ನೆ: ಗುಡುಗಿದಾಗ ನಮ್ಮಜ್ಜಿ ‘ಅರ್ಜುನ, ಫಲ್ಗುಣ’ ಎನ್ನುತ್ತಾ ಅಂಗಳಕ್ಕೆ ಕತ್ತಿ ಎಸೆಯುತ್ತಾರೆ, ನಮ್ಮ ಮೊಬೈಲುಗಳನ್ನೆಲ್ಲ ಆಫ್ ಮಾಡಿಸುತ್ತಾರೆ. ಇದರಲ್ಲಿ ಹುರುಳಿದೆಯೆ?
– ವಿದ್ಯಾರ್ಥಿನಿ, ಆಲೂರು

ಉತ್ತರ: ಅರ್ಜುನನ ಹೆಸರು ಹೇಳಲು ಯಾವ ಅಡ್ಡಿಯೂ ಇಲ್ಲ, ಒಳಗೆ ಕುಳಿತು ಹೇಳಲಿ. ಕತ್ತಿಯಿಂದ ಪ್ರಯೋಜನವಿಲ್ಲ, ಅದನ್ನೆಸೆಯಲು ಬಾಗಿಲಿಗೆ ಬರುವುದೇ ಅಪಾಯ. ಕೈಯಲ್ಲಿರುವ ಮೊಬೈಲು ಸಿಡಿಲನ್ನು ಸೆಳೆಯುವುದಿಲ್ಲ, ಆದರೆ ಚಾರ್ಜರಿಗೆ ಸಿಕ್ಕಿಸಿಕೊಂಡು ಮಾತನಾಡಬಾರದು. ಟಿವಿ, ಮೋಟಾರುಗಳ ಪ್ಲಗ್ಗನ್ನು ಗುಡುಗು ಹತ್ತಿರ ಬರುವ ಮೊದಲೇ ಕೀಳಬೇಕು. ಆ ಹೊತ್ತಿನಲ್ಲಿ ಸ್ನಾನ, ಪಾತ್ರೆ ತೊಳೆಯುವುದು ಬೇಡ. ಲೋಹದ ನಲ್ಲಿಯ ಮೂಲಕವೂ ವಿದ್ಯುತ್ತು ಒಳಬರುತ್ತದೆ.

ಪ್ರಶ್ನೆ: ಸಿಡಿಲು ಬಡಿದವರನ್ನು ತಕ್ಷಣ ಮುಟ್ಟಬಾರದು ಎನ್ನುತ್ತಾರೆ. ನಿಜವೆ?
– ಸಕಲೇಶಪುರದ ಓದುಗರು

ಉತ್ತರ: ನಿಜವಲ್ಲ. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಆದರೆ ಇನ್ನೊಂದು ಸಿಡಿಲು ಬೀಳಬಹುದಾದ್ದರಿಂದ ಸಾಧ್ಯವಾದರೆ ಮೊದಲು ಅವರನ್ನು ಮರದ ಬುಡದಿಂದ ಸರಿಸಿ, 108ಕ್ಕೆ ಕರೆ ಮಾಡಿ. ಉಸಿರಾಟ ನಿಂತಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿಯಂತೆ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು; ಬಾಯಿಗೆ ಬಾಯಿಟ್ಟು ಉಸಿರು ಕೊಡಲು ತಿಳಿದವರು ಅದನ್ನೂ ಕೊಡಬೇಕು. ಕೆಸರಿನಲ್ಲೋ ಸಗಣಿಯಲ್ಲೋ ಹೂಳುವುದರಿಂದ ಅಮೂಲ್ಯ ನಿಮಿಷಗಳು ನಷ್ಟವಾಗುತ್ತವೆ. ಒಂದೇ ಸಿಡಿಲಿಗೆ ಹಲವರು ಬಿದ್ದಿದ್ದರೆ, ಬೇರೆ ಅಪಘಾತಗಳಲ್ಲಿ ಮಾಡುವುದಕ್ಕೆ ತಿರುಗುಮುರುಗಾಗಿ, ನರಳುತ್ತಿರುವವರನ್ನು ಬಿಟ್ಟು ಸತ್ತಂತೆ ಕಾಣುವವರ ಬಳಿಗೆ ಮೊದಲು ಹೋಗಬೇಕು. ನರಳುವವರ ಹೃದಯ ಬಡಿಯುತ್ತಿರುತ್ತದೆ. ಅಲ್ಲಾಡದೆ ಬಿದ್ದವರ ಹೃದಯ ಮತ್ತೆ ಶುರುವಾದರೂ ಉಸಿರಾಟಕ್ಕೆ ಇನ್ನೊಬ್ಬರ ಕೈ ಬೇಕಾಗುತ್ತದೆ.